ಎರಡನೇ ಕೊಡದ ನೀರು

ಬೇಸಿಗೆ ರಜೆಗೆಂದು ಬಂದ ತಂಗಿಯ ಮಗಳ ಚೀಲದಲ್ಲಿ ಬಟ್ಟೆ ಎರಡು ಜೊತೆ, ಪುಸ್ತಕ ಏಳು. ಹತ್ತು ವರ್ಷದ ಹುಡುಗಿ. ಬಂದ ದಿನವೇ ನಡುಮನೆಯ ಮಂಚದ ಮೇಲೆ ಬೋರಲು ಮಲಗಿ ಓದಲು ತೊಡಗಿದಳು. ಮಲ್ಲಿಗೆ ಕಟ್ಟುತ್ತ ಕುಳಿತಿದ್ದ ನಮ್ಮಮ್ಮ ಸ್ವಲ್ಪ ಹೊತ್ತು ನೋಡಿ, “ಇದೇನೇ, ಪುಸ್ತಕವನ್ನು ಹಿಂದಿನಿಂದ ಓದುತ್ತಿದ್ದೀಯ?” ಎಂದಳು.

“ಇದು ಜಪಾನಿನದು ಅಜ್ಜಿ. ಬಲದಿಂದ ಎಡಕ್ಕೇ ಓದಬೇಕು.”

“ಕೊನೆಯ ಪುಟವನ್ನು ಮೊದಲೇ ಓದಿಬಿಟ್ಟರೆ ಕತೆಯಲ್ಲಿ ಉಳಿಯುವುದೇನು?” ಎಂದು ಅಮ್ಮ ಮತ್ತೆ ದಾರಕ್ಕೆ ಮರಳಿದಳು.

ಅವಳಿಗೆ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. 1990ರ ದಶಕದಲ್ಲಿ ಇಂಗ್ಲಿಷಿಗೆ ಬಂದ ಮಾಂಗಾಗಳು, ಎಂದರೆ ಜಪಾನಿ ಕಾಮಿಕ್ಸ್, ಬಹುಮಟ್ಟಿಗೆ ಕನ್ನಡಿಯಲ್ಲಿ ಕಂಡಂತೆ ತಿರುವು ಮುರುವಾಗಿ ಅಚ್ಚಾಗುತ್ತಿದ್ದವು. ಓದುವವರಿಗೆ ಕಷ್ಟವಾಗಬಾರದೆಂದು ಪುಟಗಳನ್ನು ತಿರುಗಿಸಿಬಿಡುತ್ತಿದ್ದರು. ಕತೆಯೊಳಗಿನ ಬಲಗೈಯವರೆಲ್ಲ ಎಡಚರಾಗುತ್ತಿದ್ದರು. 2002ರಲ್ಲಿ ಟೋಕಿಯೋಪಾಪ್ ಎಂಬ ಪ್ರಕಾಶನ ಸಂಸ್ಥೆ ಮೂಲದ ದಿಕ್ಕಿನಲ್ಲೇ ಅಚ್ಚು ಹಾಕಲು ಆರಂಭಿಸಿತು. ಮಕ್ಕಳು ಓದಲಾರರು ಎಂದು ಹೆದರಿದ್ದವರು ದೊಡ್ಡವರು ಮಾತ್ರ. ಮಕ್ಕಳಿಗೆ ಎರಡು ಪುಟ ಸಾಕಾಯಿತು. ನನಗೆ ಮೂರು ದಿನ ಬೇಕಾಯಿತು. ಒಂದು ಚೌಕದಲ್ಲಿ ಉತ್ತರವನ್ನು ಓದಿ, ಆಮೇಲೆ ಪ್ರಶ್ನೆಯನ್ನು ಹುಡುಕುವ ಹಣೆಬರಹ ನನ್ನದಾಗಿತ್ತು.

ಅವಳು ತಂದದ್ದು ‘ಕಾರ್ಡ್‌ಕ್ಯಾಪ್ಟರ್ ಸಕುರಾ’. ಕ್ಲ್ಯಾಂಪ್ ಎಂಬ ಹೆಸರಿನಲ್ಲಿ ಒಟ್ಟಾಗಿ ಕೆಲಸ ಮಾಡುವ ನಾಲ್ವರು ಮಹಿಳೆಯರ ಕೃತಿ. 1996ರಿಂದ 2000ದವರೆಗೆ ‘ನಕಾಯೋಶಿ’ ಎಂಬ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಹನ್ನೆರಡು ಸಂಪುಟಗಳಲ್ಲಿ ಪುಸ್ತಕವಾಯಿತು. ‘ನಕಾಯೋಶಿ’ ಎಂದರೆ ಆಪ್ತ ಗೆಳೆತನ. 1954ರ ಕೊನೆಯಲ್ಲಿ ಹುಟ್ಟಿದ ಈ ಪತ್ರಿಕೆಯೂ ಅದರ ಮರುವರ್ಷ ಬಂದ ‘ರಿಬೋನ್’ ಎಂಬ ಇನ್ನೊಂದೂ ಜಪಾನಿನ ಪ್ರಾಥಮಿಕ ಶಾಲೆಯ ಹುಡುಗಿಯರನ್ನು ತಲೆಮಾರುಗಟ್ಟಲೆ ಬೆಳೆಸಿದವು. ಮಾಯಾಶಕ್ತಿಯುಳ್ಳ ಹುಡುಗಿಯರ ಕತೆಗಳಲ್ಲಿ ಹೆಸರಾಂತವು ಬಹಳಷ್ಟು ಬಂದದ್ದು ಇವೆರಡರ ಪುಟಗಳಿಂದಲೇ. ‘ಮಹೋ ಶೋಜೊ’ ಎಂದು ಅಲ್ಲಿ ಕರೆಯುತ್ತಾರೆ. ಮಾಯಾಕನ್ಯೆ ಎಂದು ಕನ್ನಡಿಸಿದರೆ ಹಳೆಯ ಕಂಪನಿ ನಾಟಕದ ವಾಸನೆ ಬರುತ್ತದೆ. ಮಾಯದ ಹುಡುಗಿ ಎನ್ನೋಣ.

ಮೂರನೆಯ ದಿನ ಮಧ್ಯಾಹ್ನ ಹುಡುಗಿ ಪುಸ್ತಕ ಎತ್ತಿಕೊಂಡು ಅಡುಗೆಮನೆಗೇ ಬಂದಳು. ಆಗ ಅವಳು ಓದುತ್ತಿದ್ದದ್ದು ಬೇರೆಯದು, ನವೋಕೊ ತಕೆಯೂಚಿಯವರ ‘ಸೈಲರ್ ಮೂನ್’. ಹದಿನಾಲ್ಕು ವರ್ಷದ ಅಳುಬುರುಕಿ ಉಸಗಿ, ತಡವಾಗಿ ಏಳುವವಳು, ಪರೀಕ್ಷೆಯಲ್ಲಿ ಮುಗ್ಗರಿಸುವವಳು, ಒಂದು ಬ್ರೂಚಿನ ಬಲದಿಂದ ಚಂದ್ರನ ಯೋಧೆಯಾಗುವ ಕತೆ. ತಲೆಯ ಎರಡು ಪಕ್ಕ ಎರಡು ಉಂಡೆ, ಉಂಡೆಯಿಂದ ಇಳಿಬಿದ್ದ ಉದ್ದ ಜಡೆ. ಆ ಉಂಡೆಗೆ ಜಪಾನಿಯಲ್ಲಿ ಕಡುಬಿನ ಹೆಸರನ್ನೇ ಇಟ್ಟಿದ್ದಾರೆ.

“ದೊಡ್ಡಮ್ಮ, ಇಲ್ಲಿ ನೋಡಿ. ಬದಲಾಗುವುದನ್ನು ಇಷ್ಟು ದೊಡ್ಡದಾಗಿ ಬರೆದಿದ್ದಾರೆ. ರಿಬ್ಬನ್ನು, ಬೆಳಕು, ಎಲ್ಲ ಇದೆ. ಇಲ್ಲಿ ಜಗಳ ಮುಗಿಯಿತು. ಇಲ್ಲಿ ಮಾರನೆಯ ದಿನ, ಸ್ಕೂಲಿಗೆ ಓಡುತ್ತಿದ್ದಾಳೆ. ನಡುವೆ ವಾಪಸ್ ಹೇಗೆ ಬಂದಳು? ತೋರಿಸಲೇ ಇಲ್ಲವಲ್ಲ.”

ಒಗ್ಗರಣೆ ಸೀಯುತ್ತಿತ್ತು. ಬಂದಿರುತ್ತಾಳೆ ಬಿಡು ಎಂದು ಅವಳನ್ನು ಸಾಗಹಾಕಿದೆ. ಆದರೆ ಆ ಪ್ರಶ್ನೆ ಅಡುಗೆಮನೆಯಿಂದ ಹೊರಗೆ ಹೋಗಲಿಲ್ಲ.

ಬದಲಾಗುವ ಗಳಿಗೆ ಈ ಕತೆಗಳ ಕಲಶ. ಟಿ.ವಿ.ಯಲ್ಲಾದರೆ ಅದಕ್ಕೊಂದು ಲೆಕ್ಕಾಚಾರವೂ ಇದೆ: ಒಮ್ಮೆ ಕಷ್ಟಪಟ್ಟು ಚಿತ್ರಿಸಿಟ್ಟ ಆ ಅರ್ಧ ಮುಕ್ಕಾಲು ನಿಮಿಷವನ್ನು ವಾರ ವಾರ ಮತ್ತೆ ಬಳಸಿ ದುಡ್ಡು ಉಳಿಸಬಹುದು. ಇಂಥ ತುಣುಕುಗಳನ್ನು ಅಲ್ಲಿನ ಅನಿಮೇಷನ್ ಕೆಲಸಗಾರರು ‘ಬ್ಯಾಂಕ್’ ಎನ್ನುತ್ತಾರೆ. ಪುಸ್ತಕದಲ್ಲಿ ಆ ಸೌಲಭ್ಯವಿಲ್ಲ, ಪ್ರತಿ ಸಲವೂ ಹೊಸದಾಗಿ ಗೆರೆ ಎಳೆಯಬೇಕು. ಹಾಗಾಗಿ ಮಾಂಗಾದ ಪುಟ ಬೇರೆ ಉಪಾಯ ಹೂಡುತ್ತದೆ. ಅಲ್ಲಿಯವರೆಗೆ ಚೌಕಟ್ಟಿನೊಳಗೆ ಮುದುಡಿ ಕುಳಿತಿದ್ದ ಹುಡುಗಿಯ ಕಾಲು ಗೆರೆಯನ್ನು ದಾಟಿ ಆಚೆ ಬರುತ್ತದೆ. ಜಡೆ ಪಕ್ಕದ ಚೌಕಕ್ಕೆ ನುಗ್ಗುತ್ತದೆ. ಆಮೇಲೆ ಗೆರೆಗಳೇ ಮಾಯವಾಗಿ ಇಡೀ ಪುಟ ಬಿಳಿಯಾಗುತ್ತದೆ. ಮಾತಿಲ್ಲ. ಓದುವ ಮಗು ಅಲ್ಲಿ ತನ್ನಷ್ಟಕ್ಕೆ ನಿಲ್ಲುತ್ತದೆ. ಎಷ್ಟು ಹೊತ್ತು ನಿಲ್ಲಬೇಕೆಂದು ಯಾವ ವಾಹಿನಿಯೂ ತೀರ್ಮಾನಿಸುವುದಿಲ್ಲ. ನಮ್ಮ ಹುಡುಗಿ ಅಂಥ ಒಂದು ಪುಟದ ಮೇಲೆ ಅಂಗೈ ಊರಿ, ಕೈಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿದ್ದನ್ನು ಆಮೇಲೆ ನೋಡಿದೆ. ಪುಸ್ತಕ ಗೆಳತಿಯದು, ಬೈಯಬೇಕಿತ್ತು. ಬೈಯಲಿಲ್ಲ.

ಉಸಗಿಯ ಯುದ್ಧದ ಉಡುಪು ಜಪಾನಿನ ಶಾಲಾ ಸಮವಸ್ತ್ರದಿಂದಲೇ ಹುಟ್ಟಿದ್ದು. ನಾವಿಕರ ಕಾಲರು, ಎದೆಯ ಮೇಲೆ ರಿಬ್ಬನ್ನಿನ ಗಂಟು, ನೆರಿಗೆಯ ಲಂಗ. ದಿನಾ ಬೆಳಗ್ಗೆ ಬೇಸರದಿಂದ ತೊಡುವ ಬಟ್ಟೆಯೇ ಕವಚವಾಗಿಬಿಡುವುದು ನನಗೆ ತುಂಬ ಹಿಡಿಸಿತು. ನೀಲಿ ಲಂಗ, ಬಿಳಿ ಅಂಗಿ, ಮಡಚಿ ಕಟ್ಟಿದ ಎರಡು ಜಡೆ, ರಿಬ್ಬನ್ ಇದ್ದ ನನ್ನ ಪ್ರೌಢಶಾಲೆಯ ದಿನಗಳಲ್ಲಿ ಹೀಗೊಂದು ಯೋಚನೆ ಹೊಳೆದಿದ್ದರೆ ಇಸ್ತ್ರಿಯನ್ನಾದರೂ ಸರಿಯಾಗಿ ಹಾಕಿಕೊಳ್ಳುತ್ತಿದ್ದೆ. ಲಂಗ ಅಷ್ಟು ಗಿಡ್ಡವಾಗಿರಬೇಕಿತ್ತೇ ಎಂಬುದು ಬೇರೆ ಮಾತು. ನನ್ನ ತಂಗಿಯ ತಕರಾರು ಅದೇ. ಆ ತಕರಾರು ತಪ್ಪೇನಲ್ಲ.

ಆದರೂ ಪ್ರಶ್ನೆ ವಾಪಸ್ ಬರುವುದರದ್ದು. ರಾತ್ರಿ ಕುಳಿತು ಈ ಕತೆಗಳ ಹಿಂದಿನ ಬೇರು ಕೆದಕುತ್ತ ಹೋದೆ.

1962ರಲ್ಲಿ ‘ರಿಬೋನ್’ನಲ್ಲಿ ಫುಜಿಯೊ ಅಕತ್ಸುಕಾ ಎಂಬವರು ಅಕ್ಕೊ ಎಂಬ ಹುಡುಗಿಯ ಕತೆ ಬರೆದರು. ಅಕ್ಕೊಳ ಅಚ್ಚುಮೆಚ್ಚಿನ ಕನ್ನಡಿ ಒಡೆಯುತ್ತದೆ. ನಮ್ಮಲ್ಲಾದರೆ ಅಪಶಕುನ, ಬೇಗ ಎತ್ತಿ ಹೊರಗೆ ಹಾಕು ಎನ್ನುತ್ತಿದ್ದರು. ಅವಳು ಅದನ್ನು ಅಂಗಳದಲ್ಲಿ ಗೌರವದಿಂದ ಹೂಳುತ್ತಾಳೆ. ಅದಕ್ಕೆ ಮೆಚ್ಚಿ ಕನ್ನಡಿಯ ಲೋಕದವರು ಮಾಯದ ಕನ್ನಡಿ ಕೊಡುತ್ತಾರೆ. ಅದರ ಮುಂದೆ ಕೇಳಿಕೊಂಡರೆ ಬೇಕಾದ ರೂಪ. 1969ರಲ್ಲಿ ಇದು ಟಿ.ವಿ.ಗೆ ಬಂದಾಗ ಅಕ್ಕೊಳಿಗೆ ಎರಡು ಮಂತ್ರಗಳಿದ್ದವು: ಬದಲಾಗಲು ಒಂದು, ಮರಳಿ ತಾನಾಗಲು ಇನ್ನೊಂದು. ಎರಡನೆಯದು ಮೊದಲನೆಯದರಷ್ಟೇ ಮುಖ್ಯ, ಅದನ್ನೂ ಬಾಯಿಪಾಠ ಮಾಡಿಕೊಂಡಿರಬೇಕು. ನನಗೆ ನೆನಪಾದದ್ದು ಸಿಂಡ್ರೆಲಾ. ಅವಳಿಗೂ ಮರಳುವಿಕೆ ಇದೆ, ಆದರೆ ಅದು ಗಡಿಯಾರದ ಕೈಯಲ್ಲಿದೆ. ಹನ್ನೆರಡು ಹೊಡೆದರೆ ಕುಂಬಳಕಾಯಿ. ಅಕ್ಕೊಳ ಮರಳುವಿಕೆ ಅವಳ ನಾಲಿಗೆಯ ಮೇಲಿದೆ.

1970ರ ಹೊತ್ತಿಗೆ ಒಸಾಮು ತೆಜುಕಾ ಬರೆದ ಮೆಲ್ಮೊ ಎಂಬ ಹುಡುಗಿಯ ಕತೆಯಲ್ಲಿ ಮಂತ್ರದ ಬದಲು ಮಿಠಾಯಿ. ನೀಲಿ ಮಿಠಾಯಿ ತಿಂದರೆ ಹತ್ತು ವರ್ಷ ದೊಡ್ಡವಳು, ಕೆಂಪು ತಿಂದರೆ ಹತ್ತು ವರ್ಷ ಚಿಕ್ಕವಳು. ಮಕ್ಕಳಿಗೆ ದೇಹದ ಬಗ್ಗೆ ತಿಳಿಹೇಳುವ ಉದ್ದೇಶವೂ ತೆಜುಕಾಗೆ ಇತ್ತು. 1983ರಲ್ಲಿ ಟಿ.ವಿ.ಯಲ್ಲಿ ಬಂದ ಇನ್ನೊಬ್ಬ ಹತ್ತು ವರ್ಷದವಳು ಹದಿನಾರರ ಗಾಯಕಿಯಾಗುತ್ತಿದ್ದಳು. ಆ ಕಾಲದ ಮಾಯೆ ಬಹುಪಾಲು ಹೀಗೆ, ಬೇಗ ದೊಡ್ಡವಳಾಗುವ ಮಾಯೆ. ದೊಡ್ಡವಳಾಗಿ ನರ್ಸು, ವಿಮಾನದ ಪರಿಚಾರಿಕೆ, ಹಾಡುಗಾರ್ತಿ. ಚಿಕ್ಕವಳಾಗಿದ್ದುಕೊಂಡೇ ಏನಾದರೂ ಮಾಡಬಹುದು ಎಂಬ ಧೈರ್ಯ ಕತೆಗಾರರಿಗೆ ಇನ್ನೂ ಕುದುರಿರಲಿಲ್ಲವೇನೋ.

ಆಟಿಕೆ ಕಂಪನಿಗಳ ನೆರಳನ್ನೂ ಹೇಳದೆ ಬಿಡಲಾಗದು. ಕನ್ನಡಿ, ಬ್ರೂಚು, ದಂಡ, ಇವೆಲ್ಲ ಅಂಗಡಿಯಲ್ಲೂ ಸಿಗಬೇಕು. 1982ರ ಮಿಂಕಿ ಮೊಮೊ ಎಂಬ ಟಿ.ವಿ. ಸರಣಿಯಲ್ಲಿ ನಾಯಕಿಯ ಮೇಲೆ ಒಂದು ಲಾರಿ ಹರಿದು ಅವಳು ಸಾಯುತ್ತಾಳೆ. ಲಾರಿಯ ತುಂಬ ಆಟಿಕೆ! ಪ್ರಾಯೋಜಕ ಕಂಪನಿಯ ಮೇಲಿನ ಸಿಟ್ಟನ್ನು ತಯಾರಕರು ಹೀಗೆ ತೀರಿಸಿಕೊಂಡರು ಎಂದು ಅಭಿಮಾನಿಗಳು ಈಗಲೂ ಹೇಳುತ್ತಾರೆ. ನಿಜವೋ ಸುಳ್ಳೋ, ಲಾರಿಯಂತೂ ತೆರೆಯ ಮೇಲೆ ಇದೆ.

ಇಷ್ಟೆಲ್ಲ ಆದ ಮೇಲೆ ಸಕುರಾಳ ಕತೆಗೆ ಮರಳಿ ಬಂದಾಗ ನನಗೆ ನಗು ಬಂತು. ಸಕುರಾ ಬದಲಾಗುವುದೇ ಇಲ್ಲ! ನಾಲ್ಕನೆಯ ತರಗತಿಯ ಹುಡುಗಿ. ಮೂರು ವರ್ಷದವಳಾಗಿದ್ದಾಗ ತಾಯಿ ತೀರಿಕೊಂಡಿದ್ದಾರೆ. ತಂದೆ ಪುರಾತತ್ವದ ಮೇಷ್ಟರು. ಅಣ್ಣ ಕೀಟಲೆಯವನು. ಮನೆಯಲ್ಲಿ ಯಾರ ಪಾಲಿಗೆ ಯಾವ ದಿನ ಅಡುಗೆ ಎಂಬ ಸರದಿ ಇದೆ, ತಂದೆಗೂ ಅದರಿಂದ ವಿನಾಯಿತಿ ಇಲ್ಲ. ತಂದೆಯ ಪುಸ್ತಕಗಳ ನಡುವೆ ಸಿಕ್ಕ ಒಂದು ಗ್ರಂಥದಿಂದ ಮಾಯದ ಚೀಟಿಗಳು ತಪ್ಪಿಸಿಕೊಂಡು ಊರೆಲ್ಲ ಚೆದುರಿವೆ. ಕಾಯಬೇಕಾದವನು ನಿದ್ದೆ ಹೋಗಿದ್ದ. ಅವನ್ನು ಹಿಡಿದು ತರಬೇಕು. ಮಾಂಗಾದಲ್ಲಿ ಹತ್ತೊಂಬತ್ತು ಚೀಟಿ, ಟಿ.ವಿ.ಯಲ್ಲಿ ಐವತ್ತೆರಡು. ಕೊರಳಿನ ಪುಟ್ಟ ಬೀಗದ ಕೈ ದೊಡ್ಡ ದಂಡವಾಗುತ್ತದೆ. ಹುಡುಗಿಯ ಮೈ ಮಾತ್ರ ಹಾಗೇ ಇರುತ್ತದೆ.

ಹಾಗಾದರೆ ಪ್ರತಿ ಸಲ ಹೊಸ ಹೊಸ ಉಡುಪು ಎಲ್ಲಿಂದ? ಗೆಳತಿ ತೊಮೊಯೊ ಹೊಲಿಯುತ್ತಾಳೆ. ಯಾವ ಮಂತ್ರವೂ ಇಲ್ಲ, ಅಳತೆ ಪಟ್ಟಿ, ಸೂಜಿ, ದಾರ. ಹೊಲಿದು ತೊಡಿಸಿ, ರಾತ್ರಿಯೆಲ್ಲ ಜೊತೆಗಿದ್ದು ವಿಡಿಯೊ ಚಿತ್ರೀಕರಣವನ್ನೂ ಮಾಡಿಕೊಳ್ಳುತ್ತಾಳೆ. ಅವಳ ತಾಯಿ ಆಟಿಕೆ ಕಂಪನಿಯ ಒಡತಿ. ಕ್ಲ್ಯಾಂಪ್‌ನವರಿಗೆ ಅದು ತಮಾಷೆಯೆನಿಸಿರಬೇಕು. ನಾಚಿಕೊಂಡು, ಗೆಳತಿ ಇಷ್ಟು ಕಷ್ಟಪಟ್ಟಿದ್ದಾಳಲ್ಲ ಎಂದು ಸಕುರಾ ತೊಟ್ಟುಕೊಳ್ಳುತ್ತಾಳೆ. ಆ ಮುಜುಗರದ ಮುಖ ನೋಡಲೆಂದೇ ನಾನು ಕೆಲವು ಪುಟಗಳನ್ನು ಮತ್ತೆ ಮತ್ತೆ ತಿರುವಿದೆ. ಕೊರಳಿಗೆ ದೊಡ್ಡ ರಿಬ್ಬನ್ನಿನ ಗಂಟು, ತೋಳಿಗೆ ಬುಗ್ಗೆ, ಕಣ್ಣಲ್ಲಿ ‘ಇದು ಸ್ವಲ್ಪ ಹೆಚ್ಚಾಯಿತಲ್ಲವೇ’ ಎಂಬ ಭಾವ.

ಇನ್ನು ಅವಳ ಮಂತ್ರ. ಚೀಟಿಯನ್ನು ಹಿಡಿಯುವಾಗ ಸಕುರಾ ಅದಕ್ಕೆ ಹೇಳುವುದು ಸೋಲು, ಸಾಯಿ ಎಂದಲ್ಲ. ನೀನು ಇರಬೇಕಾದ ರೂಪಕ್ಕೆ ಮರಳು ಎಂದು. ಗಾಳಿಯಾಗಿ, ನೀರಾಗಿ, ನೆರಳಾಗಿ ಊರಿನಲ್ಲಿ ರಂಪ ಮಾಡುತ್ತಿರುವುದನ್ನು ಮನೆಗೆ ಕರೆಯುವ ಮಾತು ಅದು. ಇಡೀ ಕತೆ ಮರಳಿಸುವುದರ ಮೇಲೆ ನಿಂತಿದೆ! ನಮ್ಮ ಹುಡುಗಿ ಅದನ್ನು ನಾಲ್ಕು ಸಲ ಓದಿದ್ದು ಇದಕ್ಕೇ ಇರಬಹುದು ಎಂದು ಆಗ ಅನಿಸಿತು.

ಈ ಕತೆ 2000ದಲ್ಲಿ ಅಮೆರಿಕದ ಟಿ.ವಿ.ಗೆ ಹೋದಾಗ ಆದದ್ದನ್ನು ಓದಿ ಮಾತ್ರ ಹೊಟ್ಟೆ ಉರಿಯಿತು. ಗಂಡುಮಕ್ಕಳೂ ನೋಡಲಿ ಎಂದು ಹೆಸರಿನಿಂದ ಸಕುರಾಳನ್ನೇ ಕಿತ್ತು ಬರಿಯ ‘ಕಾರ್ಡ್‌ಕ್ಯಾಪ್ಟರ್ಸ್’ ಮಾಡಿದರು. ಮೊದಲ ಕಂತುಗಳನ್ನು ಹಾರಿಸಿ, ಅವಳಿಗೆ ಪೈಪೋಟಿ ಕೊಡುವ ಹುಡುಗ ಬರುವ ಎಂಟನೆಯ ಕಂತಿನಿಂದ ಶುರು ಮಾಡಿದರು. ಎಪ್ಪತ್ತರಲ್ಲಿ ಅಲ್ಲಿ ಪ್ರಸಾರವಾದದ್ದು ಮೂವತ್ತೊಂಬತ್ತೇ. ಅಡುಗೆ ಸರದಿಯ ಮನೆ, ಹೊಲಿಯುವ ಗೆಳತಿ, ತಾಯಿಯ ಫೋಟೊ, ಇವೇ ಕತ್ತರಿಗೆ ಮೊದಲು ಸಿಗುವ ಸಾಮಾನು. ಪುಸ್ತಕಕ್ಕೆ ಆ ಗತಿ ಬರಲಿಲ್ಲ.

ಯೂರೋಪಿನವರೂ ಸುಮ್ಮನಿರಲಿಲ್ಲ. ಇಟಲಿಯ ಡಿಸ್ನಿ ವಿಭಾಗ 2001ರಲ್ಲಿ ಐವರು ಹುಡುಗಿಯರ ‘ವಿಚ್’ ಎಂಬ ಕಾಮಿಕ್ಸ್ ಶುರು ಮಾಡಿತು. ಐವರ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿದರೆ ಆ ಹೆಸರು. ಅಲ್ಲಿಯೂ ಹುಡುಗಿಯರು ಬದಲಾದಾಗ ನಾಲ್ಕಾರು ವರ್ಷ ದೊಡ್ಡವರಂತೆ ಕಾಣುತ್ತಾರೆ. ಮೆಲ್ಮೊಳ ನೀಲಿ ಮಿಠಾಯಿಯೇ ಸರಿ. ಇನ್ನೊಂದು ಮಾತನ್ನು ಹೆತ್ತವರಿಗೆ ಹೇಳಬೇಕು. ಹೊದಿಕೆಯ ಮೇಲೆ ಗುಲಾಬಿ ಕೂದಲಿನ ಹುಡುಗಿ ಇದ್ದಾಳೆಂದು ಎಲ್ಲವನ್ನೂ ಮಕ್ಕಳಿಗೆ ಕೊಂಡು ಕೊಡಬೇಡಿ. 2011ರ ‘ಮದೊಕಾ’ ಅಂಥದ್ದು. ಒಳ್ಳೆಯ ಕೃತಿ, ಆದರೆ ಹತ್ತು ವರ್ಷದವರ ರಾತ್ರಿಯ ನಿದ್ದೆ ಕೆಡಿಸುತ್ತದೆ. ನನ್ನದನ್ನೂ ಕೆಡಿಸಿತು.

ನಮ್ಮ ನಡುಮನೆಯ ಗೋಡೆಯ ಮೇಲೆ ನನ್ನದೊಂದು ಫೋಟೊ ಇದೆ. ಹನ್ನೆರಡು ತುಂಬಿ ಕೆಲವೇ ತಿಂಗಳಾಗಿದ್ದಾಗ ತೆಗೆದದ್ದು. ಅಮ್ಮನ ರೇಷ್ಮೆ ಸೀರೆ, ಡಾಬು, ಮೊಗ್ಗಿನ ಜಡೆ. ಹಿಂದೆ ನಿಲುವುಗನ್ನಡಿ ಇಟ್ಟು ಜಡೆಯೂ ಕಾಣುವಂತೆ ಸ್ಟುಡಿಯೊದವರು ನಿಲ್ಲಿಸಿದ್ದರು. ಆ ಕಾಲದ ಮೈಸೂರಿನಲ್ಲಿ ಇಂಥ ಫೋಟೊ ಇಲ್ಲದ ಹುಡುಗಿ ಅಪರೂಪ. ಅದಕ್ಕೂ ಮುಂಚಿನ ಕೆಲವು ದಿನ ಕೋಣೆಯ ಮೂಲೆಯಲ್ಲಿ ಚಾಪೆ, ಬೇರೆ ತಟ್ಟೆ, ಚಿಗಳಿ ಉಂಡೆ, ಕೊಬ್ಬರಿ, ಬೀದಿಯ ಹೆಂಗಸರೆಲ್ಲ ಬಂದು ಎತ್ತಿದ ಆರತಿ. ದೊಡ್ಡವಳಾದಳು ಎಂದು ಎಲ್ಲರಿಗೂ ಗೊತ್ತಾಯಿತು. ನನಗೆ ಮಾತ್ರ ಏನಾಯಿತೆಂದು ಯಾರೂ ಹೇಳಲಿಲ್ಲ. ಕೇಳದೆ ಬಂದ ಬದಲಾವಣೆ, ಕೇಳದೆ ತೊಡಿಸಿದ ಉಡುಪು. ಬ್ರೂಚೂ ಇಲ್ಲ, ಮಂತ್ರವೂ ಇಲ್ಲ. ಆದರೆ ಪೂರ್ತಿ ಪುಟದ ಚಿತ್ರವಿದೆ, ಕನ್ನಡಿಯ ಸಮೇತ.

ಫೋಟೊದಲ್ಲಿ ಇಲ್ಲದ್ದು ಆ ರಾತ್ರಿ. ಬಾಳೆಪಟ್ಟೆಗೆ ಹೊಲಿದ ಜಡೆಯ ಭಾರಕ್ಕೆ ಕತ್ತು ನೋಯುತ್ತಿತ್ತು. ಎಲ್ಲರೂ ಹೋದ ಮೇಲೆ ಅಮ್ಮ ಹಿತ್ತಲ ಬಾಗಿಲ ಬಳಿ ನನ್ನನ್ನು ಮುಂದೆ ಕೂರಿಸಿಕೊಂಡು ಪುಟ್ಟ ಕತ್ತರಿಯಿಂದ ದಾರಗಳನ್ನು ಒಂದೊಂದಾಗಿ ಕತ್ತರಿಸಿದಳು. ಕಂದಿದ ಮೊಗ್ಗುಗಳು ಮಡಿಲಿಗೆ ಉದುರಿದವು. ಜಡೆ ಬಿಚ್ಚಿ, ನೆತ್ತಿಗೆ ಎಣ್ಣೆ ತಟ್ಟಿ, ನನ್ನ ಹಳೆಯ ಲಂಗವನ್ನೇ ಕೊಟ್ಟಳು. ಏನೂ ಹೇಳಲಿಲ್ಲ. ಆ ಲಂಗ ತೊಟ್ಟು ಮಲಗಿದಾಗ ನಾನು ಮತ್ತೆ ನಾನೇ ಆಗಿದ್ದೆ. ಅದನ್ನು ಯಾರೂ ಫೋಟೊ ತೆಗೆಯಲಿಲ್ಲ. ಹುಡುಗಿ ಕೇಳಿದ್ದು ಇದೇ ಚೌಕವನ್ನಲ್ಲವೇ?

ಈ ರಜೆಯಲ್ಲೇ ಒಂದು ರಾತ್ರಿ ಕರೆಂಟು ಹೋಗಿತ್ತು. ಅಮ್ಮ, ಹುಡುಗಿ, ನಾನು ಮೂವರೂ ಜಗಲಿಯಲ್ಲಿ. ಸಕುರಾಳ ಕತೆಯನ್ನು ಹುಡುಗಿ ಅಜ್ಜಿಗೆ ಅರ್ಧ ಗಂಟೆ ವಿವರಿಸಿದಳು. ಅಮ್ಮ ಕೇಳಿ, “ನಮ್ಮಲ್ಲೂ ಒಬ್ಬಳಿದ್ದಾಳಲ್ಲ” ಎಂದು ಹೂವಿನ ಮರದ ಕತೆ ಶುರು ಮಾಡಿದಳು.

ಎ. ಕೆ. ರಾಮಾನುಜನ್ ಕನ್ನಡ ನಾಡಿನಲ್ಲಿ ಕೇಳಿ ಬರೆದುಕೊಂಡ ಕತೆಗಳಲ್ಲಿ ಇದೂ ಒಂದು. 1997ರಲ್ಲಿ, ಅವರು ತೀರಿಕೊಂಡ ಮೇಲೆ, ಇಂಗ್ಲಿಷಿನಲ್ಲಿ ಬಂದ ಅವರ ಸಂಕಲನದ ಹೆಸರೂ ಇದರದೇ. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು. 2006ರಲ್ಲಿ ವಿಯೆನ್ನಾದಲ್ಲಿ ಅಮೆರಿಕದ ಸಂಗೀತ ಸಂಯೋಜಕ ಜಾನ್ ಆ್ಯಡಮ್ಸ್ ಇದನ್ನು ಒಪೆರಾ ಮಾಡಿದರು. ಅಮ್ಮನಿಗೆ ಅದ್ಯಾವುದೂ ಗೊತ್ತಿಲ್ಲ, ಅವಳಿಗೆ ಕತೆ ಗೊತ್ತು. ಕೂಲಿ ಮಾಡಿ ಬಳಲುವ ತಾಯಿ, ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ಅಕ್ಕನಿಗೆ ಹೇಳುತ್ತಾಳೆ: ಬಾವಿಯಿಂದ ಎರಡು ಕೊಡ ನೀರು ತಾ, ಉಗುರು ತಾಕಿಸಬೇಡ. ಒಂದು ಕೊಡವನ್ನು ನನ್ನ ಮೇಲೆ ಸುರಿ, ನಾನು ಹೂವಿನ ಮರವಾಗುತ್ತೇನೆ. ಬೇಕಾದಷ್ಟು ಹೂ ಕೊಯ್ದುಕೋ, ಚಿಗುರು ಮುರಿಯಬೇಡ, ಎಲೆ ಹರಿಯಬೇಡ. ಆಮೇಲೆ ಇನ್ನೊಂದು ಕೊಡ ಸುರಿ, ಮತ್ತೆ ಮನುಷ್ಯಳಾಗುತ್ತೇನೆ. ಹೂ ಮಾರಿ ತಾಯಿಗೆ ನೆರವಾಗುತ್ತಾರೆ. ರಾಜನ ಮಗ ಕದ್ದು ನೋಡಿ ಮದುವೆಯಾಗುತ್ತಾನೆ. ಅರಮನೆಯಲ್ಲಿ ನಾದಿನಿ ಗೆಳತಿಯರನ್ನು ಕಟ್ಟಿಕೊಂಡು, ಮರವಾಗು ಎಂದು ಹಟ ಹಿಡಿಯುತ್ತಾಳೆ. ಕೊಂಬೆ ಮುರಿದು, ಎಲೆ ಹರಿದು ಹೂ ಕಿತ್ತು, ಎರಡನೇ ಕೊಡವನ್ನು ಹೇಗೆ ಹೇಗೋ ಎರಚಿ ಓಡಿಬಿಡುತ್ತಾರೆ.

“ಆಮೇಲೆ?”

“ಕೈಯಿಲ್ಲ, ಕಾಲಿಲ್ಲ. ಅರ್ಧಕ್ಕೆ ನಿಂತುಬಿಟ್ಟಳು.”

ಹುಡುಗಿ ಎದ್ದು ಕುಳಿತಳು. ಕತ್ತಲಲ್ಲಿ ಮುಖ ಕಾಣಲಿಲ್ಲ. ಗಂಡ ಅವಳನ್ನು ಹುಡುಕಿ ಹುಡುಕಿ ಭಿಕ್ಷುಕನಂತಾಗಿ, ಕೊನೆಗೆ ಸಿಕ್ಕಾಗ ಮತ್ತೆ ನೀರು ಸುರಿದು ಮರವಾಗಿಸಿ, ಮುರಿದ ಕೊಂಬೆಗಳನ್ನು ಜೋಡಿಸಿ, ಎಲೆಗಳನ್ನು ಸರಿಪಡಿಸಿ, ಎರಡನೇ ಕೊಡವನ್ನು ಸುರಿಯುವವರೆಗೆ ನಮ್ಮ ಹುಡುಗಿ ಒಂದು ಮಾತೂ ಆಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: “ಉಗುರು ತಾಕಿಸಬಾರದು ಎಂದರೆ ನೀರು ಸೇದುವುದು ಹೇಗೆ ಅಜ್ಜಿ?” ಅಮ್ಮ ಗತ್ತಿನಿಂದ, “ಹುಷಾರಾಗಿ” ಎಂದಳು.

ಇದನ್ನು ಯಾರಾದರೂ ಕನ್ನಡದಲ್ಲಿ ನೂರೈವತ್ತು ಪುಟದ ಚಿತ್ರಕಾದಂಬರಿ ಮಾಡಬೇಕು ಎಂದು ಆಗಿನಿಂದ ನನ್ನ ತಲೆಯೊಳಗೆ ಗುಂಗಿಹುಳ ಹೊಕ್ಕಿದೆ. ಎಂಟರಿಂದ ಹನ್ನೆರಡರವರಿಗೆ. ಮರವಾಗುವ ಪುಟದಲ್ಲಿ ಚೌಕಟ್ಟು ಒಡೆಯಲಿ, ಕೊಂಬೆಗಳು ಪಕ್ಕದ ಪುಟಕ್ಕೂ ಹರಡಲಿ. ಆದರೆ ಹೆಚ್ಚು ಪುಟ ಎರಡನೇ ಕೊಡಕ್ಕೆ ಮೀಸಲಾಗಲಿ. ತೊಗಟೆ ಚರ್ಮವಾಗುವುದು, ಹೂ ಕೊಯ್ದ ಕಡೆ ರೋಮ ಏಳುವುದು, ಅಕ್ಕ ತಲೆ ಒರೆಸುವುದು. ಮದುವೆಯ ಭಾಗವನ್ನು ಬಿಟ್ಟರೂ ಅಡ್ಡಿಯಿಲ್ಲ ಎನ್ನುತ್ತೇನೆ. ಅಮ್ಮ ಒಪ್ಪುವುದಿಲ್ಲ.

ರಜೆ ಮುಗಿಯುವ ಮೊದಲು ಹುಡುಗಿ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಚೌಕ ಹಾಕಲು ಶುರು ಮಾಡಿದ್ದಳು. ನೋಡಬೇಡಿ ಎಂದು ಕಟ್ಟಪ್ಪಣೆಯಾಗಿತ್ತು. ಊರಿಗೆ ಹೋದ ವಾರದ ಮೇಲೆ ತಂಗಿಯ ಮೊಬೈಲಿನಿಂದ ಆರು ಫೋಟೊ ಬಂದವು. ಸಮವಸ್ತ್ರದ ಹುಡುಗಿ, ಎರಡು ಜಡೆ. ಬಾವಿಯನ್ನು ಸರಿಯಾಗಿ ನೋಡಿಲ್ಲದ್ದರಿಂದ ಅದು ಸಿಂಟೆಕ್ಸ್ ಟ್ಯಾಂಕಿನಂತಿದೆ. ಮರದ ಪುಟದಲ್ಲಿ ಸ್ಕೆಚ್ ಪೆನ್ನಿನ ಹಸಿರು ಮುಗಿದು ಎಲೆಗಳು ಅರ್ಧಕ್ಕೆ ನೀಲಿಯಾಗಿವೆ. ಕೊನೆಯದು ಎರಡನೇ ಕೊಡದ ಪುಟ. ಚೌಕಗಳಿಲ್ಲ, ಮಾತಿಲ್ಲ. ಮೇಲಿನಿಂದ ಕೊಡ ಬಗ್ಗಿಸಿರುವ ಎರಡು ಸುಕ್ಕುಗಟ್ಟಿದ ಕೈ, ಹಸಿರು ಗಾಜಿನ ಬಳೆ. ಅಮ್ಮನವೇ. ಹತ್ತೂ ಬೆರಳುಗಳನ್ನು ಎಣಿಸಿ ಬರೆದಿದ್ದಾಳೆ, ಒಂದಕ್ಕೂ ಉಗುರಿಲ್ಲ.